ಭಾವನ ನೀಲಿ ಚುಕ್ಕಿ

ನಮ್ಮ ಭಾವನ ಬಗ್ಗೆ ಕೆಟ್ಟ ಮಾತಾಡುವವನು ನಾನಲ್ಲ. ಆಡಬೇಕಾದ್ದನ್ನೆಲ್ಲ ಅಕ್ಕ ಆಡಿ ಮುಗಿಸಿರುವುದರಿಂದ ನನಗೆ ಉಳಿದಿರುವುದೂ ಅಷ್ಟಕ್ಕಷ್ಟೇ. ಆದರೆ ಮಗಳ ಮದುವೆಯ ದಿನ ಅವರು ಮಾಡಿದ ಘನಕಾರ್ಯವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ಕಂಡವನು ನಾನೊಬ್ಬನೇ. ಜನ ಈಗಾಗಲೇ ಬಾಯಿಗೆ ಬಂದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಭಾವ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು. ಅವರೆದುರು ಗೋಡೆಯುದ್ದಕ್ಕೂ ಮರದ ಗೂಡುಗಳು, ಒಂದೊಂದು ಬೀದಿಗೆ ಒಂದೊಂದು ಗೂಡು. ಬೇರೆ ಕಡೆ ನೋಡುತ್ತ ಎಸೆದರೂ ಕಾಗದ ಸರಿಯಾದ ಗೂಡಿಗೇ ಹೋಗಿ ಬೀಳುತ್ತದೆ. ಇದರಿಂದಾಗಿ ಊರಿನ ಎಲ್ಲ ಬೀದಿಗಳೂ ತಮಗೆ ಕರತಲಾಮಲಕ ಎಂದು ಅವರು ನಂಬಿಬಿಟ್ಟಿದ್ದಾರೆ. ಗೂಡಿನಲ್ಲಿ ಅಕ್ಕಪಕ್ಕ ಇರುವ ಬೀದಿಗಳು ಊರಿನಲ್ಲೂ ಅಕ್ಕಪಕ್ಕ ಇರಬೇಕಾಗಿಲ್ಲ ಎಂಬುದೊಂದು ಮಾತ್ರ ಅವರಿಗೆ ಇನ್ನೂ ಹೊಳೆದಿಲ್ಲ. "ಹಗ್ಗದ ಬೀದಿ ತಾನೇ? ಗಡಿಯಾರದ ಬೀದಿಗೆ ಅಂಟಿಕೊಂಡೇ ಇದೆ" ಎಂದು ನಮ್ಮನ್ನೆಲ್ಲ ಹತ್ತಿಸಿಕೊಂಡು ಹೊರಟು, ಊರಿನ ಇನ್ನೊಂದು ತುದಿಯಲ್ಲಿ ಕಾರು ನಿಲ್ಲಿಸಿ, "ಬೀದಿನ ಇಲ್ಲಿಂದ ಎತ್ತಿಬಿಟ್ಟಿದ್ದಾರೆ" ಎಂದವರು ಅವರು.

ಅವರ ಇನ್ನೊಂದು ಹೆಮ್ಮೆ ಡ್ರೈವಿಂಗು. ಒಂದು ದಿನ ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನಿಂದ ಒಬ್ಬ ಹುಡುಗ ತಲೆ ಹೊರಹಾಕಿ, "ಸರ್, ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗ್ತಿದ್ದೀರ" ಎಂದು ಬಹಳ ಮರ್ಯಾದೆಯಿಂದಲೇ ಹೇಳಿದ. ಅವನ ಕಾರಿನ ಮೇಲೆ ಡ್ರೈವಿಂಗ್ ಶಾಲೆಯ ಬೋರ್ಡಿತ್ತು. ಭಾವ ಗಾಜು ಏರಿಸಿಕೊಂಡು, ಎಡದ ದೀಪ ಮಿನುಗಿಸುತ್ತಲೇ ಬಲಕ್ಕೆ ತಿರುಗಿದರು. ಕೆಲವು ತಿಂಗಳ ನಂತರ ಅದೇ ಹುಡುಗನನ್ನು ಮಗಳು ಮನೆಗೆ ಕರೆತಂದು, "ಅಪ್ಪ, ನಾನು ಮದುವೆ ಆಗೋದು ಇವರನ್ನೇ" ಅಂದಳು.

ಹುಡುಗ ಒಳ್ಳೆಯವನು. ಡ್ರೈವಿಂಗ್ ಶಾಲೆ ಅವನದೇ, ಮಾತು ಕಡಿಮೆ, ಹಿರಿಯರೆಂದರೆ ಎದ್ದು ನಿಲ್ಲುತ್ತಾನೆ. ಭಾವನದು ಒಂದೇ ಹಟ. "ಆ ಇಂಡಿಕೇಟರ್ ಮೇಷ್ಟ್ರು ನನಗೆ ಅಳಿಯನಾ? ಸಾಧ್ಯವೇ ಇಲ್ಲ." ಮಗಳದು ಅದಕ್ಕಿಂತ ದೊಡ್ಡ ಹಟ. "ಕದ್ದು ಮದುವೆ ಆಗೋಳು ನಾನಲ್ಲ. ಸಾಕ್ಷಿ ಅಂತ ಅಪ್ಪ ಸಹಿ ಹಾಕಬೇಕು. ಹಾಕಿದ್ರೆ ಮದುವೆ, ಇಲ್ಲಾಂದ್ರೆ ಇಲ್ಲ." ನೋಂದಣಿ ಕಚೇರಿಗೆ ಕೊಟ್ಟ ನೋಟಿಸಿನ ಅವಧಿ ಮುಗಿಯುವುದಕ್ಕೆ ಒಂದೇ ದಿನ ಉಳಿದಾಗ ಭಾವ ತಟ್ಟೆಯ ಮುಂದೆ ಕೂತು, ಗೋಡೆ ನೋಡುತ್ತ, "ಬರ್ತೀನಿ. ಸಹಿ ಹಾಕ್ತೀನಿ" ಅಂದರು. ಮಗಳು ಅಡುಗೆಮನೆಗೆ ಹೋಗಿ ಅತ್ತಳು.

ಹುಡುಗ ಅಂದೇ ಸಂಜೆ ಭಾವನಿಗೊಂದು ಉಡುಗೊರೆ ಕಳಿಸಿದ, ಕಾರಿನಲ್ಲಿ ಫೋನ್ ನಿಲ್ಲಿಸುವ ಸ್ಟ್ಯಾಂಡು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸ್ಟೀರಿಂಗು ಹಿಡಿದು ಭಾವ ಹೋಗುವುದನ್ನು ಅವನು ನೋಡಿದ್ದನೆಂದು ಕಾಣುತ್ತದೆ. ಡಬ್ಬಿಯೊಳಗೆ ಎರಡು ಸಾಮಾನು, ಒಂದು ಮ್ಯಾಗ್ನೆಟ್ ಬಿಲ್ಲೆ, ಒಂದು ತೆಳ್ಳನೆಯ ಕಬ್ಬಿಣದ ತಗಡು. ಬಿಲ್ಲೆಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಬೇಕು, ತಗಡನ್ನು ಫೋನಿನ ಬೆನ್ನಿಗೆ.

"ಅವನನ್ನೇ ಒಂದು ಮಾತು ಕೇಳಿ" ಎಂದಳು ಅಕ್ಕ.

"ಅವನನ್ನ ಕೇಳ್ಬೇಕಾ? ಶಕ್ತಿ ಅನ್ನೋದು ಬೆಲೆ ಬಾಳೋ ವಸ್ತು ಹತ್ರ ಇರ್ಬೇಕು. ಡ್ಯಾಶ್‌ಬೋರ್ಡಿಗೆ ಯಾಕೆ ಶಕ್ತಿ?" ಎಂದು ಭಾವ ತಗಡನ್ನು ಡ್ಯಾಶ್‌ಬೋರ್ಡಿಗೂ ಮ್ಯಾಗ್ನೆಟ್ಟನ್ನು ಫೋನಿಗೂ ಅಂಟಿಸಿದರು. ಅದೂ ಚಪ್ಪಲಿ ಹೊಲಿಯುವವನ ಹತ್ತಿರದಿಂದ ತಂದ ಗೋಂದಿನಲ್ಲಿ. ರಾತ್ರಿಯೊಳಗೆ ಆ ಫೋನು ಎರಡು ಚಮಚ, ಒಂದು ಕತ್ತರಿ ಮತ್ತು ಅಕ್ಕನ ಪಿನ್ನುಗಳ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಿತ್ತು.

ಮರುದಿನ ಹುಡುಗ ತನ್ನ ಶಾಲೆಯ ಕಾರು ತಂದ. ಅಕ್ಕ, ಮಗಳು ಮತ್ತು ಇನ್ನೊಂದು ಸಾಕ್ಷಿಯಾಗಿ ಕೆಳಗಿನ ಮನೆಯ ಟೀಚರಮ್ಮ ಹತ್ತಿದರು. ಭಾವ ಹತ್ತಲಿಲ್ಲ. "ಬೋರ್ಡು ಹಾಕಿರೋ ಕಾರಲ್ಲಿ ಕೂತು, ಕಲಿಯೋಕೆ ಹೊರಟವನ ಥರ ಊರೆಲ್ಲ ಮೆರವಣಿಗೆ ಹೋಗಲ್ಲ. ನನ್ನ ಕಾರಲ್ಲಿ ನಾನು ಬರ್ತೀನಿ."

ಮಗಳ ಮುಖ ಬಿಳಿಚಿಕೊಂಡಿತು. ಇಳಿದು ಬಂದು ಅಪ್ಪನ ಫೋನು ಇಸಿದುಕೊಂಡು ಅದರಲ್ಲಿ ಹಳೇ ಗಿರಣಿ ರಸ್ತೆಯ ನೋಂದಣಿ ಕಚೇರಿಗೆ ದಾರಿ ಹಾಕಿದಳು. ಅವರು ಎಲ್ಲಿದ್ದಾರೆಂದು ಎಲ್ಲರಿಗೂ ಕಾಣುವ ಹಾಗೆ ಮನೆಯವರ ಗುಂಪಿಗೆ ಲೊಕೇಶನ್ನೂ ಕಳಿಸಿದಳು. "ನೀನು ಈ ನೀಲಿ ಚುಕ್ಕಿ. ಬರ್ತಿರೋದು ನನಗೆ ಕಾಣ್ತಿರುತ್ತೆ. ಏನೂ ಒತ್ತಬೇಡ. ಇದು ಹೇಳಿದ ಕಡೆ ತಿರುಗಿಸು, ಸಾಕು. ಬರ್ತೀಯ ತಾನೇ ಅಪ್ಪ?"

"ಮಾತು ಕೊಟ್ಟಿದ್ದೀನಲ್ಲ" ಎಂದರು ಭಾವ.

ಅವಳು ನನ್ನನ್ನು ಪಕ್ಕಕ್ಕೆ ಕರೆದು, "ಮಾಮ, ನೀನು ಇವರ ಜೊತೇಲೇ ಬಾ. ಒಂದು ಗಂಟೆಗೆ ಆಫೀಸರು ಎದ್ದುಬಿಡ್ತಾರಂತೆ, ಆಮೇಲೆ ಬೇರೆ ಊರಿಗೆ ಹೋಗ್ತಾರಂತೆ" ಎಂದಳು. ಅಕ್ಕನ ಫೋನು ಹಿಂದಿನ ದಿನವಷ್ಟೇ ಬಕೆಟ್ಟಿಗೆ ಬಿದ್ದಿತ್ತು. ಚುಕ್ಕಿ ನೋಡಲು ಬೇಕೆಂದು ಅವಳು ನನ್ನ ಫೋನು ಕಸಿದುಕೊಂಡಳು. ಹೀಗೆ ನಾನು ಬರಿಗೈ ಕಾವಲುಗಾರನಾಗಿ ಭಾವನ ಪಕ್ಕ ಕೂತೆ.

ಫೋನು ಡ್ಯಾಶ್‌ಬೋರ್ಡಿನ ತಗಡಿಗೆ ಟಪ್ಪೆಂದು ಅಂಟಿತು. "ನೋಡು, ಹೆಂಗೆ ಕೂತಿದೆ" ಎಂದು ಭಾವ ಕಾರು ಬಿಟ್ಟರು. ಮೊದಲ ಎರಡು ತಿರುವು ಫೋನಿನೊಳಗಿನ ಹೆಂಗಸು ಹೇಳಿದ ಹಾಗೇ ಹೋದೆವು. ಆದರೆ ಕಾರು ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಪರದೆಯ ಮೇಲಿನ ಬಾಣ ಕಳ್ಳು ಕುಡಿದವರ ಹಾಗೆ ಗಿರಗಿರ ತಿರುಗಲಾರಂಭಿಸಿತು. ದಿಕ್ಸೂಚಿಯ ಪಕ್ಕ ಮ್ಯಾಗ್ನೆಟ್ಟಿಟ್ಟರೆ ಏನಾಗುತ್ತದೆಂದು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಭಾವ ಓದಿರಲಿಲ್ಲವೋ, ಓದಿ ಮರೆತಿದ್ದರೋ.

"ಹಿಂದಕ್ಕೆ ತೋರಿಸ್ತಿದೆ ಕಣೋ."

"ಭಾವ, ಬಾಯಲ್ಲಿ ನೇರ ಹೋಗಿ ಅಂತಿದ್ದಾಳೆ."

"ಬಾಯಿ ಏನು ಬೇಕಾದ್ರೂ ಹೇಳುತ್ತೆ. ಬಾಣ ಸುಳ್ಳು ಹೇಳುತ್ತಾ?" ಎಂದು ಕಾರನ್ನು ಅಲ್ಲೇ ಹಿಂದಕ್ಕೆ ತಿರುಗಿಸಿದರು. ಆಕೆ ಮತ್ತೆ ದಾರಿ ಹುಡುಕಿಕೊಟ್ಟಳು. ಮುಂದಿನ ಸಿಗ್ನಲ್ಲಿನಲ್ಲಿ ಬಾಣ ಮತ್ತೆ ಕುಣಿಯಿತು. ಹೀಗೆ ಬಾಣ, ಬಾಯಿ ಎರಡರ ನಡುವೆ ಸಿಕ್ಕಿ ನಾವು ಗ್ಯಾರೇಜುಗಳ ಒಂದು ಗಲ್ಲಿಯೊಳಗೆ ತೂರಿಕೊಂಡೆವು. ಎದುರಿಗೆ ನೀರಿನ ಟ್ಯಾಂಕರ್ ಬಂದು ನಿಂತಿತು. ಹಿಂದೆ ಆಟೋಗಳು. ನನ್ನ ಕೈಗಡಿಯಾರ ನೋಡಿದೆ, ಹನ್ನೆರಡಾಗುತ್ತ ಬಂದಿತ್ತು.

ಜನ್ಮದಲ್ಲಿ ಯಾರನ್ನೂ ದಾರಿ ಕೇಳದ ಭಾವ ಫೋನು ಕಿತ್ತುಕೊಂಡು ಕೆಳಗಿಳಿದರು. ಟ್ಯಾಂಕರಿನವನಿಗೆ ಫೋನು ಎತ್ತಿ ತೋರಿಸಿ, "ಹಳೇ ಗಿರಣಿ ರಸ್ತೆಗೆ ಹೆಂಗಪ್ಪ ಹೋಗೋದು? ಇದು ನೋಡಿ ಹೇಳು" ಅಂದರು.

"ಇಲ್ಲಿಂದ ನನಗೇನು ಕಾಣುತ್ತೆ ಸ್ವಾಮಿ? ತಾಳಿ, ಇಳೀತೀನಿ."

ಅವನು ಇಳಿದ. ಭಾವ ಅವನ ಮುಖದ ಮಟ್ಟಕ್ಕೆ ಫೋನು ಹಿಡಿಯಲು ಹೋಗಿ ಟ್ಯಾಂಕಿನ ಪಕ್ಕೆಯ ಹತ್ತಿರ ಕೈ ತಂದರು. ಠಣ್ ಎಂದು ಸದ್ದಾಯಿತು. ಫೋನು ಹಿಂದಿನ ಚಕ್ರದ ಮೇಲೆ, ಟ್ಯಾಂಕಿನ ದಪ್ಪ ಕಬ್ಬಿಣದ ಹೊಟ್ಟೆಗೆ ಅಂಟಿಕೊಂಡಿತು. ಭಾವ ಎಳೆದರು, ಬರಲಿಲ್ಲ. ನಾನು ಭಾವನ ಸೊಂಟ ಹಿಡಿದು ಎಳೆದೆ, ಭಾವ ಬಂದರು, ಫೋನು ಬರಲಿಲ್ಲ. ಅಷ್ಟರಲ್ಲಿ ಗಲ್ಲಿಯ ತುದಿಯಿಂದ ಪೊಲೀಸಿನವನ ಸೀಟಿ ಕೇಳಿತು, ಹಿಂದಿನಿಂದ ಹಾರ್ನುಗಳು.

"ಮುಂದೆ ಅಗಲ ಜಾಗದಲ್ಲಿ ನಿಲ್ಲಿಸ್ತೀನಿ, ಬನ್ನಿ" ಎಂದು ಟ್ಯಾಂಕರಿನವನು ಹತ್ತಿ, ನಮ್ಮ ಕಾರನ್ನೂ ಪಕ್ಕಕ್ಕೆ ಸರಿದ ಆಟೋಗಳನ್ನೂ ಸವರಿಕೊಂಡು ಹೊರಟುಬಿಟ್ಟ. ನಮ್ಮ ಕಾರಿನ ಮೂತಿ ಈ ಕಡೆ, ಅವನು ಹೋದದ್ದು ಆ ಕಡೆ. ನಾವು ತಿರುಗಿಸಿಕೊಂಡು ಅಗಲ ಜಾಗಕ್ಕೆ ಬರುವ ಹೊತ್ತಿಗೆ ಅಲ್ಲಿ ಜಾಗವಷ್ಟೇ ಉಳಿದಿತ್ತು.

"ಭಾವ, ಈಗ ಫೋನ್ ಹುಡುಕೋದಾ?"

ಭಾವ ಒಂದು ಗಳಿಗೆ ರಸ್ತೆ ನೋಡಿದರು. "ಹಾಳಾಗಿ ಹೋಗ್ಲಿ ಫೋನು. ಮಗು ಕಾಯ್ತಿದೆ" ಎಂದು ಗೇರು ಹಾಕಿದರು. ಆ ಮಾತು ಕೇಳಿ ನನಗೆ ಅವರ ಮೇಲೆ ಮೊದಲ ಸಲ ಪ್ರೀತಿ ಬಂತು. ಅದು ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ಅವರು, "ಹಳೇ ಗಿರಣಿ ರಸ್ತೆ, ಗೂಡಲ್ಲಿ ಮೇಲಿಂದ ಎರಡನೇ ಸಾಲು. ಪಕ್ಕದಲ್ಲೇ ಹಳೇ ಜೈಲು ರಸ್ತೆ. ಜೈಲು ನನಗೆ ಗೊತ್ತು" ಎಂದು ಸೀದಾ ಜೈಲಿನ ಬಾಗಿಲಿಗೆ ಕೊಂಡೊಯ್ದರು. ಗಿರಣಿ ರಸ್ತೆ ಅಲ್ಲಿಂದ ಊರಿನ ಇನ್ನೊಂದು ಮಗ್ಗುಲಿಗಿದೆ ಎಂದು ಜೈಲಿನ ಪಹರೆಯವನು ಹೇಳಿದ. ಅವನ ಫೋನಿನಿಂದ ಒಂದು ಕರೆ ಮಾಡೋಣವೆಂದರೆ ಇಬ್ಬರಿಗೂ ಯಾರೊಬ್ಬರ ನಂಬರೂ ಬಾಯಿಗೆ ಬರಲಿಲ್ಲ, ನನಗೆ ನಾನೇ ಕರೆ ಮಾಡಿಕೊಂಡು ಅಭ್ಯಾಸವಿಲ್ಲದ್ದರಿಂದ ನನ್ನದೂ. ಊರಿನ ಬೀದಿಗಳೆಲ್ಲ ಸಾಲುಸಾಲಾಗಿ ಬಾಯಿಗೆ ಬರುವ ಭಾವನಿಗೆ ಹೆಂಡತಿಯ ನಂಬರಿನ ಮೊದಲ ಅಂಕಿಯೂ ನೆನಪಾಗಲಿಲ್ಲ. ಅಲ್ಲಿಂದ ಮುಂದೆ ಭಾವ ತಿರುವಿಗೊಂದು ಸಲ ನಿಲ್ಲಿಸಿ, ಸಿಕ್ಕವರನ್ನೆಲ್ಲ ಕೇಳಿದರು. ಪ್ರತಿ ಸಲವೂ ಅವರ ದನಿ ಸ್ವಲ್ಪ ಸ್ವಲ್ಪ ಸಣ್ಣದಾಗುತ್ತಿತ್ತು.

ಇತ್ತ ನೋಂದಣಿ ಕಚೇರಿಯಲ್ಲಿ ಏನಾಯಿತೆಂಬುದನ್ನು ಟೀಚರಮ್ಮ ಆಮೇಲೆ ನನಗೆ ಹೇಳಿದರು. ಆಕೆ ಭೂಗೋಳ ಕಲಿಸಿದವರು. ನಕ್ಷೆ ಕಂಡರೆ ಸುಮ್ಮನಿರುವವರಲ್ಲ. ನನ್ನ ಫೋನನ್ನು ಮೇಜಿನ ನಡುವೆ ಇಟ್ಟು ಕನ್ನಡಕ ಏರಿಸಿ ಕೂತಿದ್ದರಂತೆ.

"ಸುತ್ತಿದ ಕಡೆಯೇ ಸುತ್ತುತ್ತಿದ್ದಾರೆ. ಮನಸ್ಸು ಹೊಯ್ದಾಡ್ತಿದೆ" ಎಂದರಂತೆ ಮೊದಲು.

ಆಮೇಲೆ ಚುಕ್ಕಿ ನೇರವಾಗಿ, ವೇಗವಾಗಿ, ಕಚೇರಿಗೆ ಬೆನ್ನು ಹಾಕಿ ಹೊರಟಿತು. "ತೀರ್ಮಾನ ಮಾಡಿಬಿಟ್ರು" ಎಂದರು. ಬಸ್ ನಿಲ್ದಾಣದ ಹತ್ತಿರ ಚುಕ್ಕಿ ನಿಧಾನವಾದಾಗ, "ಊರು ಬಿಡ್ತಾರೆ" ಎಂದರು. ಮಗಳು ಮೇಲಿಂದ ಮೇಲೆ ಕರೆ ಮಾಡಿದಳು. ಫೋನು ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಕೊನೆಗೆ ಚುಕ್ಕಿ ಊರಾಚೆಯ ಕೆರೆಯ ಹತ್ತಿರ ಹೋಗಿ ನಿಂತುಬಿಟ್ಟಿತು.

ಅಕ್ಕ ನಕ್ಷೆಯ ಮೇಲೆ ಬಗ್ಗಿದಳು. "ಕೆರೆ ಒಳಗಾ?"

"ಒಳಗಲ್ಲ" ಎಂದು ಟೀಚರಮ್ಮ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿ ಸಮಾಧಾನ ಹೇಳಿದರಂತೆ. "ದಡದಲ್ಲಿದ್ದಾರೆ. ಯೋಚನೆ ಮಾಡ್ತಿರ್ಬೇಕು."

ಇದನ್ನು ಕೇಳಿದ್ದೇ ತಡ, ಹುಡುಗ ಎದ್ದು, ಮಗಳ ಫೋನು ತೆಗೆದುಕೊಂಡು, "ನಾನು ಸರ್‌ನ ಕರ್ಕೊಂಡು ಬರ್ತೀನಿ. ಮದುವೆ ಆಗದಿದ್ರೂ ಪರವಾಗಿಲ್ಲ" ಎಂದು ಶಾಲೆಯ ಕಾರು ಹತ್ತಿ ಹೋದ.

ನಾವು ಕಚೇರಿಯ ಅಂಗಳಕ್ಕೆ ನುಗ್ಗಿದ್ದು ಅವನು ಹೋದ ಮೇಲೆ. ಭಾವ ಸಿಕ್ಕ ಜಾಗದಲ್ಲಿ ಕಾರು ಅಡ್ಡ ನಿಲ್ಲಿಸಿ ಒಳಗೆ ಓಡಿದರು. ಒಣಗಿದ ಹಾರದಂತೆ ಬೆಂಚಿನ ಮೇಲೆ ಒರಗಿದ್ದ ಅಕ್ಕ ಗಂಡನನ್ನು ಕಂಡು ಎದ್ದು ನಿಂತು ಮತ್ತೆ ಕೂತಳು. ಮಗಳು ಅಪ್ಪನನ್ನು ನೋಡಿದಳು, ನನ್ನ ಫೋನನ್ನು ನೋಡಿದಳು, ಮತ್ತೆ ಅಪ್ಪನನ್ನು ನೋಡಿದಳು.

"ನೀನು ಕೆರೆ ಹತ್ರ ಇದ್ದೀಯ" ಎಂದಳು.

"ಇಲ್ಲೇ ಇದ್ದೀನಲ್ಲೇ."

"ಚುಕ್ಕಿ ಅಲ್ಲೇ ಇದೆ" ಎಂದು ಟೀಚರಮ್ಮ ಅನುಮಾನದಿಂದ ಭಾವನ ತೋಳು ಮುಟ್ಟಿ ನೋಡಿದರು.

ನಾನು ಟ್ಯಾಂಕರಿನ ಕಥೆ ಹೇಳಿದೆ. ಮಗಳು ಅಪ್ಪನ ಎದೆಗೊರಗಿ ಬಿಕ್ಕಿದಳು. "ನೀನು ಬರಲ್ಲ ಅಂದ್ಕೊಂಡೆ ಅಪ್ಪ." ಭಾವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. "ಎಲ್ಲಿ ಅವನು? ಬೇಗ ಸಹಿ ಹಾಕಿಬಿಡ್ತೀನಿ" ಎಂದರು. ಆಗ ಗೊತ್ತಾಯಿತು, ಅಪ್ಪ ಬಂದಿದ್ದಾರೆ, ಗಂಡಿಲ್ಲ.

ಒಳಗೆ ಆಫೀಸರು ಗಡಿಯಾರ ನೋಡಿದರು. ಹನ್ನೆರಡೂ ಮುಕ್ಕಾಲು ಮೀರಿತ್ತು. "ನೋಡಮ್ಮ, ಗಂಡು ಹೆಣ್ಣು ಇಬ್ಬರೂ ಎದುರಿಗಿರಬೇಕು. ಇವತ್ತು ತಪ್ಪಿದ್ರೆ ಹೊಸ ನೋಟಿಸು, ಮತ್ತೆ ಒಂದು ತಿಂಗಳು" ಎಂದು ಪೆನ್ನಿನ ಮುಚ್ಚಳ ಹಾಕಿದರು.

ಮತ್ತೊಂದು ತಿಂಗಳು ಅಂದಾಗ ಮಗಳು ಅಪ್ಪನ ಮುಖ ನೋಡಿದಳು. ಇವತ್ತು ಇರುವ ಅಪ್ಪ ಮುಂದಿನ ತಿಂಗಳೂ ಹೀಗೇ ಇರುತ್ತಾರೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನನ್ನ ಫೋನಿನಿಂದ ಹುಡುಗನಿಗೆ ಕರೆ ಮಾಡಿದೆವು. ಎತ್ತಿದವನು ಪೊಲೀಸಿನವನು. "ಯಾರ್ರೀ ನೀವು? ಇಲ್ಲೊಬ್ಬ ಟ್ಯಾಂಕರ್ ಒಳಗೆ ಮಾವ ಇದ್ದಾರೆ ಅಂತ ನೀರು ಚೆಲ್ಲಿಸೋಕೆ ಹೊರಟಿದ್ದಾನೆ."

ಹಿಂದಿನಿಂದ ಟ್ಯಾಂಕರಿನವನ ದನಿ ಬಂತು. "ಸಾರ್, ನಾನು ನೀರು ತುಂಬ್ತೀನಿ, ಜನರನ್ನ ತುಂಬಲ್ಲ." ಅದಕ್ಕೂ ಹಿಂದಿನಿಂದ ಹುಡುಗನ ದನಿ. "ಫೋನ್ ಹೊಡ್ಕೊಳ್ಳೋದು ಟ್ಯಾಂಕಿನೊಳಗಿಂದ ಕೇಳಿಸ್ತು ಸರ್. ನಾನೇ ಕಿವಿ ಇಟ್ಟು ಕೇಳಿದೆ."

ಭಾವ ಫೋನು ಕಿತ್ತುಕೊಂಡರು. "ನಾನೇ ಆ ಮಾವ. ನಾನು ಟ್ಯಾಂಕರ್ ಒಳಗಿಲ್ಲ."

"ಒಳಗಿಂದಾನೇ ಮಾತಾಡ್ತಿಲ್ಲ ಅಂತ ಏನು ಗ್ಯಾರಂಟಿ?" ಎಂದ ಪೊಲೀಸಿನವನು. "ಯಾರೋ ಹೆದರಿಸಿ ಹೇಳಿಸ್ತಿರಬಹುದು. ಏಯ್, ನಿಮ್ಮ ಮಾವನೇ ಅಂತ ಹೆಂಗೆ ಗೊತ್ತಾಗುತ್ತೆ? ಏನಾದ್ರೂ ಕೇಳಪ್ಪ, ಅವರಿಗೆ ಮಾತ್ರ ಗೊತ್ತಿರೋದು."

ಅಂಗಳದ ಬೆಂಚಿನ ಮೇಲಿದ್ದವರೆಲ್ಲ ಸುತ್ತ ನೆರೆದಿದ್ದರು. ಫೋನಿನಲ್ಲಿ ಹುಡುಗ ಮೆಲ್ಲಗೆ, "ಸರ್, ತಪ್ಪು ತಿಳೀಬೇಡಿ. ನೀವು ಬಲಕ್ಕೆ ತಿರುಗೋವಾಗ ಇಂಡಿಕೇಟರ್ ಯಾವ ಕಡೆ ಹಾಕ್ತೀರ?" ಎಂದ.

ಭಾವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಅಕ್ಕ ನೆಲ ನೋಡಿದಳು. ಮಗಳು ಅಪ್ಪನ ಕೈ ಹಿಡಿದುಕೊಂಡಿದ್ದಳು.

"ಎಡಕ್ಕೆ" ಎಂದರು ಭಾವ.

"ಸರ್‌ನೇ" ಎಂದ ಹುಡುಗ. ಅವನಿಗೆ ಅಳು ಬಂದಿತ್ತು.

ಫೋನಿರುವ ಜಾಗವನ್ನು ಭಾವ ಹೇಳಿದರು. ಕರೆ ಮುಗಿದಾಗ ಒಂದು ಗಂಟೆಗೆ ಸ್ವಲ್ಪವೇ ಉಳಿದಿತ್ತು. ಕೆರೆಯಿಂದ ಇಲ್ಲಿಗೆ ಬರಲು ಅದು ಎಲ್ಲಿ ಸಾಕು? ಗಂಟೆ ಹೊಡೆಯಿತು. ಆಫೀಸರು ಎದ್ದರು, ಚೀಲ ಹೆಗಲಿಗೇರಿಸಿದರು, ಯಾರ ಮುಖವನ್ನೂ ನೋಡದೆ ಹೊರಗೆ ಬಂದರು. ಬಂದು, ತಮ್ಮ ಕಾರಿನ ಮುಂದೆ ಅಡ್ಡ ನಿಂತಿದ್ದ ಭಾವನ ಕಾರನ್ನು ಕಂಡರು.

"ಯಾರದ್ರೀ ಇದು? ತೆಗೀರಿ."

"ತೆಗೀತೀನಿ ಸಾರ್. ಒಂದೇ ನಿಮಿಷ" ಎಂದರು ಭಾವ. ನನ್ನ ಕಡೆ ತಿರುಗಿ, "ನೀನೂ ಹತ್ತು" ಎಂದರು.

ಓದುಗರೇ, ಅದೇನೂ ಕಷ್ಟದ ಕೆಲಸವಲ್ಲ. ಹಿಂದಕ್ಕೆ ಒಂದು ಕಾರಿನಷ್ಟು ಜಾಗವಿತ್ತು, ಗೇಟು ತೆರೆದಿತ್ತು. ಎಂಥವನೂ ತೆಗೆಯಬಹುದಿತ್ತು. ಭಾವ ಹಿಂದಕ್ಕೆ ತಂದರು, ಗೋಡೆಗೆ ಮುಟ್ಟಿಸಿದರು. ಮುಂದಕ್ಕೆ ತಂದರು, ಹೂಕುಂಡಕ್ಕೆ ಮುಟ್ಟಿಸಿದರು. ಇಂಜಿನ್ನು ಆರಿತು. ಹೊತ್ತಿಸಿದರು, ಮತ್ತೆ ಆರಿತು. ಈಗ ಕಾರು ಮೊದಲಿಗಿಂತ ಚೆನ್ನಾಗಿ ಅಡ್ಡ ನಿಂತಿತ್ತು.

ಜನ ಸೇರಿದರು. "ಬಲಕ್ಕೆ ತಿರುಗಿಸ್ರಿ." "ಏಯ್, ಬಲ ಅಲ್ಲ, ಎಡ." "ಇವರಿಗೆ ಲೈಸೆನ್ಸು ಕೊಟ್ಟವರು ಯಾರು?" ಜವಾನ ನಕ್ಕ. ಆಫೀಸರು, "ಬಾರದಿದ್ರೆ ಯಾಕ್ರೀ ಕಾರು ತರ್ತೀರ?" ಎಂದು ಗದರಿದರು. "ಇಳೀರಿ, ನಮ್ಮವರು ಯಾರಾದ್ರೂ ತೆಗೀತಾರೆ."

"ಇನ್ನೊಂದೇ ಒಂದು ಸಲ ಸಾರ್" ಎಂದು ಭಾವ ಗೇರಿನ ಕೋಲು ಅಲ್ಲಾಡಿಸಿ ಭರ್ರೆಂದು ಸದ್ದು ಮಾಡಿದರು. ಕಾರು ಕದಲಲಿಲ್ಲ. ನಾನು ಕೋಲು ನೋಡಿದೆ. ಅದು ಯಾವ ಗೇರಿನಲ್ಲೂ ಇರಲಿಲ್ಲ.

"ಭಾವ, ನ್ಯೂಟ್ರಲ್ಲಲ್ಲಿದೆ" ಎಂದೆ.

"ಸುಮ್ನಿರೋ" ಎಂದರು ಪಿಸುದನಿಯಲ್ಲಿ. ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತ್ತು. "ಗೇಟಿನ ಕಡೆ ನೋಡ್ತಿರು. ಬಂದ್ರೆ ಹೇಳು."

ಸಿಗ್ನಲ್ಲಿನಲ್ಲಿ ಒಬ್ಬ ಹುಡುಗ ಹೇಳಿದ ಒಂದು ಮಾತಿಗೆ ತಿಂಗಳುಗಟ್ಟಲೆ ಕುದ್ದ ಮನುಷ್ಯ, ಊರವರೆಲ್ಲ ಕೈತಟ್ಟಿ ನಗುತ್ತಿದ್ದರೂ ಬಾಯಿ ಬಿಡಲಿಲ್ಲ. ಮಗಳು ಮೆಟ್ಟಿಲ ಮೇಲೆ ನಿಂತು ಅಪ್ಪನನ್ನೇ ನೋಡುತ್ತಿದ್ದಳು.

ಆಗ ಗೇಟಿನಲ್ಲಿ ಬೋರ್ಡು ಹೊತ್ತ ಕಾರು ಬಂದು ನಿಂತಿತು. ಅದರ ಹಿಂದೆಯೇ ನೀರು ಸುರಿಸುತ್ತ ಟ್ಯಾಂಕರ್. ಫೋನನ್ನು ಕೀಳಲು ಹೊತ್ತಿಲ್ಲವೆಂದು, ಆ ಮಾವನನ್ನು ಒಂದು ಸಲ ಕಣ್ಣಾರೆ ನೋಡಬೇಕೆಂದು ಟ್ಯಾಂಕರಿನವನು ತಾನೇ ಹಿಂಬಾಲಿಸಿ ಬಂದಿದ್ದ. ಟ್ಯಾಂಕಿನ ಹೊಟ್ಟೆಯ ಮೇಲೆ ಕೆಸರು ಮೆತ್ತಿದ ಫೋನಿನೊಳಗಿಂದ ಆ ಹೆಂಗಸು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನೀವು ತಲುಪಬೇಕಾದ ಸ್ಥಳವನ್ನು ತಲುಪಿದ್ದೀರಿ."

ಈಗ ಗೇಟಿಗೆ ಟ್ಯಾಂಕರ್ ಅಡ್ಡ, ಆಫೀಸರ ಕಾರಿಗೆ ಭಾವನ ಕಾರು ಅಡ್ಡ. ಆಫೀಸರು ಎರಡನ್ನೂ ನೋಡಿದರು, ಮೆಟ್ಟಿಲ ಮೇಲಿದ್ದ ಹುಡುಗಿಯನ್ನು ನೋಡಿದರು, ಚೀಲ ಇಳಿಸಿದರು. "ಬನ್ನಿ ಒಳಗೆ. ಬೇಗ" ಎಂದರು. ಭಾವ ಇಳಿಯುವ ಮುಂಚೆ ಒಂದೇ ಸಲಕ್ಕೆ ಕಾರು ಹಿಂದಕ್ಕೆ ತಂದು, ಗೋಡೆಗೆ ನೆಟ್ಟಗೆ ನಿಲ್ಲಿಸಿದರು. ಜವಾನನ ನಗು ನಿಂತಿತು.

ಭಾವ ಸಹಿ ಹಾಕಿದರು. ಟೀಚರಮ್ಮನೂ ಹಾಕಿದರು. ಮೂರನೆಯ ಸಾಕ್ಷಿಯೂ ಬೇಕೆಂದಾಗ ನಾನು ಏಳುವಷ್ಟರಲ್ಲಿ ಟ್ಯಾಂಕರಿನವನು ಕೈ ಒರೆಸಿಕೊಂಡು ಮುಂದೆ ಬಂದ.

ವಾಪಸು ಹೊರಟಾಗ ಭಾವ ತಮ್ಮ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟು, ಯಾರೂ ಕರೆಯದೆಯೇ ಬೋರ್ಡಿನ ಕಾರು ಹತ್ತಿ ಹುಡುಗನ ಪಕ್ಕದಲ್ಲಿ ಕೂತರು. ಹಿಂದೆ ಅಕ್ಕ, ಮಗಳು. ನಾನು ಟೀಚರಮ್ಮನನ್ನು ಕೂರಿಸಿಕೊಂಡು ಅವರ ಬೆನ್ನಿಗೇ ನಿಂತಿದ್ದೆ. ಗಾಜುಗಳನ್ನೆಲ್ಲ ಇಳಿಸಿದ್ದರಿಂದ ಮಾತು ಕೇಳುತ್ತಿತ್ತು. ಮನೆಗೆ ಬಲಕ್ಕೆ ಹೋಗಬೇಕು. ಹುಡುಗ ಗೇಟಿನಲ್ಲಿ ನಿಲ್ಲಿಸಿ, ಮಾವನ ಕಡೆ ಒಂದು ಸಲ ಕಳ್ಳನೋಟ ನೋಡಿ, ಬೇಕಂತಲೇ ಎಡದ ಇಂಡಿಕೇಟರ್ ಹಾಕಿದ.

ಭಾವ ಮಿನುಗುವ ದೀಪವನ್ನು ನೋಡಿದರು. ಕೈ ಚಾಚಿ ಕಡ್ಡಿಯನ್ನು ಇನ್ನೊಂದು ಕಡೆಗೆ ತಳ್ಳಿದರು.

"ಬಲಕ್ಕೆ ಹೋಗೋವಾಗ ಬಲಕ್ಕೇ ಹಾಕ್ಬೇಕು ಕಣಪ್ಪ" ಎಂದರು. "ಮೇಷ್ಟ್ರಾಗಿ ಅಷ್ಟೂ ಗೊತ್ತಿಲ್ವಾ?"